ಎರಡು ವಾರದಲ್ಲಿ ಕಾಣದ್ದು

ಈ ಪ್ರಕರಣದಲ್ಲಿ ಯಾರ ಹೆಸರೂ ಇಲ್ಲ. ಊರು, ಮನೆ, ಕಾಲೇಜಿನ ಗುರುತು ಹತ್ತದಂತೆ ಕೆಲವು ವಿವರ ಬದಲಿಸಿದ್ದೇನೆ. ನನ್ನ ಹತ್ತಿರ ಆಪ್ತಸಲಹೆಗೆ ಬಂದ ಒಬ್ಬ ಹುಡುಗಿಯ ಪ್ರಕರಣ ಇದು, ಬರೆಯಲು ಅವಳ ಒಪ್ಪಿಗೆ ಇದೆ. ಕರಡು ಓದಿ ಎರಡು ಕಡೆ ಗೀಟು ಹೊಡೆದು ಕೊಟ್ಟಿದ್ದಾಳೆ ಕೂಡ.

ಅವಳು ಬಂದಿದ್ದು ನಿದ್ದೆ ಬರುವುದಿಲ್ಲ ಎಂದು. ಆಷಾಢದ ಮಳೆ. ಶಿರಸಿಯಲ್ಲಿ ಮಳೆ ಹಿಡಿದರೆ ಗೊತ್ತಲ್ಲ, ಮೆಟ್ಟಿಲ ಮೇಲೆಲ್ಲ ಕೊಡೆಗಳ ಸಾಲು, ಒಣಗದ ಬಟ್ಟೆಯ ವಾಸನೆ. ಹುಡುಗಿಗೆ ಇಪ್ಪತ್ತನಾಲ್ಕು ವರ್ಷ. ಎಂಬಿಬಿಎಸ್ ಮುಗಿಸಿ ಬೇರೆ ಊರಲ್ಲಿ ಹೌಸ್ ಸರ್ಜನ್ ಆಗಿದ್ದಳು. ಮನೆ ಶಿರಸಿಯಿಂದ ಒಳಗೆ, ಅಡಿಕೆ ತೋಟದವರು. ನಾನು ಅವಳನ್ನು ಮಾತಾಡಿಸುತ್ತಿದ್ದುದು ತಂಗಿ ಎಂದೇ, ಇಲ್ಲೂ ಹಾಗೇ ಬರೆಯುತ್ತೇನೆ.

ಕಣ್ಣ ಕೆಳಗೆ ಕಪ್ಪು ಕಟ್ಟಿತ್ತು. ನೈಟ್ ಡ್ಯೂಟಿ ಮಾಡುವವರಿಗೆಲ್ಲ ಅದು ಇರುತ್ತದೆ. ಹಾಗಾಗಿ ಎಲ್ಲರಿಗೂ ಕೇಳುವುದನ್ನೇ ಕೇಳಿದೆ. ಊಟ ಸೇರುತ್ತಾ, ಎಷ್ಟು ಹೊತ್ತಿಗೆ ಮಲಗ್ತೀಯ, ಡ್ಯೂಟಿ ಇಲ್ಲದ ದಿನ ಏನು ಮಾಡ್ತೀಯ, ಸಾಯಬೇಕು ಅನ್ನಿಸಿದೆಯಾ. ಕೊನೆಯದನ್ನು ನಾನು ಸುತ್ತಿ ಬಳಸಿ ಕೇಳುವುದಿಲ್ಲ. ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕೀತು ಎಂದು ಜನ ಹೆದರುತ್ತಾರೆ, ಹಾಗೇನೂ ಆಗುವುದಿಲ್ಲ. ಅವಳು ತಲೆ ಅಲ್ಲಾಡಿಸಿದಳು. "ಅಷ್ಟೆಲ್ಲ ಇಲ್ಲ ಮೇಡಂ. ಒಂದು ವಿಷಯ ತೀರ್ಮಾನ ಮಾಡೋಕೆ ಆಗ್ತಿಲ್ಲ, ಅಷ್ಟೇ."

ವಿಷಯ ಇಷ್ಟು: ಎಂಡಿ ಸೀಟಿಗೆ ನೀಟ್ ಪಿಜಿ ಪರೀಕ್ಷೆ ಬರೆಯುವುದಿತ್ತು. ಸೈಕಿಯಾಟ್ರಿ, ಅಂದರೆ ಮನೋವೈದ್ಯಕೀಯ, ತೆಗೆದುಕೊಳ್ಳಬೇಕು ಎಂದು ಆಸೆ. ಮನೆಯಲ್ಲಿ ಬೇಡ ಅನ್ನುತ್ತಾರೆ. ಕಾಲೇಜಿನಲ್ಲಿ ನಗುತ್ತಾರೆ. ಬೇರೆ ವಿಭಾಗದ ಹಿರಿಯರೊಬ್ಬರು ವಾರ್ಡಿನಲ್ಲಿ ಎಲ್ಲರೆದುರು, "ಅಲ್ಲಿಗೆ ಹೋಗು, ಮೂರು ವರ್ಷ ಬಿಟ್ಟು ಪೇಷಂಟ್ ಯಾರು ಡಾಕ್ಟರ್ ಯಾರು ಅಂತ ನಾವು ಹುಡುಕ್ತೀವಿ" ಅಂದಿದ್ದರಂತೆ. ಇವಳೂ ನಕ್ಕಿದ್ದಳಂತೆ. ನಕ್ಕದ್ದೇ ಆಮೇಲೆ ಕೊರೆಯಲು ಶುರುವಾಯಿತು.

ಇಲ್ಲಿ ನನ್ನ ಬಗ್ಗೆ ಒಂದು ಮಾತು ಹೇಳಿಬಿಡಬೇಕು. ನಾನು ಡಾಕ್ಟರಲ್ಲ. ಮನಃಶಾಸ್ತ್ರ ಓದಿ ಆಪ್ತಸಲಹೆ ಮಾಡುವವಳು. ಮಾತ್ರೆ ಬರೆಯುವ ಹಾಗಿಲ್ಲ, ಬೇಕಾದವರನ್ನು ಮನೋವೈದ್ಯರ ಹತ್ತಿರ ಕಳಿಸಬೇಕು. ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಕಳಿಸುವುದು ಎಂದರೆ ಏನು ಎಂದು ಇಲ್ಲಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಹನ್ನೆರಡು ತಾಲ್ಲೂಕು, 2011ರ ಜನಗಣತಿಯಲ್ಲೇ 14 ಲಕ್ಷ ದಾಟಿದ ಜನ. ದೊಡ್ಡ ಕಾಯಿಲೆ ಅಂದ ಕೂಡಲೇ ಕರಾವಳಿಯವರು ಮಣಿಪಾಲ, ಮಂಗಳೂರು, ಗೋವಾ ಅನ್ನುತ್ತಾರೆ. ಘಟ್ಟದ ಮೇಲಿನವರು ಹುಬ್ಬಳ್ಳಿ ಅನ್ನುತ್ತಾರೆ. ಮನಸ್ಸಿನ ಕಾಯಿಲೆಗೆ ಮಾತ್ರ ಎರಡೂ ಕಡೆಯವರ ಬಾಯಲ್ಲಿ ಒಂದೇ ಊರು. "ನಿನ್ನ ಧಾರವಾಡಕ್ಕೆ ಕಳಿಸಬೇಕು" ಎನ್ನುವುದು ನಾವು ಚಿಕ್ಕವರಿದ್ದಾಗ ಬೈಗುಳ. ಬೈದವರಲ್ಲಿ ಹೆಚ್ಚಿನವರು ಅಲ್ಲಿಯ ಮಾನಸಿಕ ಆಸ್ಪತ್ರೆಯ ಗೇಟು ಕೂಡ ನೋಡಿದವರಲ್ಲ.

ಮಂಗಳವಾರ ತಾಲ್ಲೂಕು ಆಸ್ಪತ್ರೆಯಲ್ಲಿ ಮನೋಚೈತನ್ಯ ಎಂಬ ಸರ್ಕಾರಿ ಕಾರ್ಯಕ್ರಮದ ಮಾನಸಿಕ ಆರೋಗ್ಯ ಕ್ಲಿನಿಕ್ ಶುರುವಾದಮೇಲೆ ಎಷ್ಟೋ ಹಗುರಾಗಿದೆ. ಆದರೂ ವಾರಕ್ಕೊಂದು ದಿನ ಅದು. ಒಂದು ಮಳೆಗಾಲದಲ್ಲಿ ಘಟ್ಟದಲ್ಲಿ ಮಣ್ಣು ಕುಸಿದು ಬಸ್ಸು ನಿಂತಿತ್ತು. ಎರಡು ವರ್ಷದಿಂದ ಚೆನ್ನಾಗಿದ್ದ ಒಬ್ಬನಿಗೆ ಅದೇ ಹೊತ್ತಿಗೆ ಮಾತ್ರೆ ಮುಗಿಯಿತು. ಮಾತ್ರೆಯ ಖಾಲಿ ಪಟ್ಟಿಯನ್ನು ನಾಲ್ಕು ಮಡಚಿ ಅಂಗಿ ಕಿಸೆಯಲ್ಲಿ ಇಟ್ಟುಕೊಂಡು ಮೂರು ಔಷಧಿ ಅಂಗಡಿ ತಿರುಗಿದ್ದ. ಎಲ್ಲೂ ಸಿಗಲಿಲ್ಲ. ತಿಂಗಳೊಳಗೆ ಅಣ್ಣತಮ್ಮಂದಿರು ಅವನನ್ನು ಕೈ ಕಟ್ಟಿ ಜೀಪಿನಲ್ಲಿ ತಂದರು. ಆ ಮಡಚಿದ ಪಟ್ಟಿ ಆಗಲೂ ಕಿಸೆಯಲ್ಲೇ ಇತ್ತು.

ಹೀಗೆ ಕಂಡವಳ ಎದುರು ಒಬ್ಬ ಹುಡುಗಿ ಕೂತು ಸೈಕಿಯಾಟ್ರಿ ಮಾಡಲಾ ಬೇಡವಾ ಎಂದರೆ ಏನನ್ನಿಸುತ್ತದೆ ಹೇಳಿ. ಎದ್ದು ಕೈ ಹಿಡಿದುಕೊಂಡು ಮಾಡು ಮಾರಾಯ್ತಿ ಅನ್ನಬೇಕು ಅನ್ನಿಸಿತು. ಆಪ್ತಸಲಹೆಯಲ್ಲಿ ಅದು ತಪ್ಪು. ಅವಳ ಜೀವನ ನನ್ನ ಜಿಲ್ಲೆಯ ಕೊರತೆ ತುಂಬಿಸಲಿಕ್ಕೆ ಇರುವುದಲ್ಲ. ಗೊತ್ತಿದ್ದೂ ಆ ತಪ್ಪು ಮಾಡಿದೆ.

ಮೊದಲ ಸಲ ಅವಳೇ ಮಾತಾಡಿದಳು. ಸೈಕಿಯಾಟ್ರಿ ಯಾಕೆ ಹಿಡಿಸಿತು ಎಂದು ಕೇಳಿದ್ದೆ. ಹೌಸ್ ಸರ್ಜನ್ಸಿಯಲ್ಲಿ ಆ ವಿಭಾಗಕ್ಕೆ ಸಿಗುವುದು ಎರಡೇ ವಾರ. ಎರಡನೇ ದಿನವೇ ಒಬ್ಬ ಹೆಂಗಸನ್ನು ತಂದಿದ್ದರು. ಕರಾವಳಿಯ ಕಡೆಯವಳು. ಐದು ದಿನದಿಂದ ಮಾತಿಲ್ಲ, ಊಟವಿಲ್ಲ. ಕೈ ಎತ್ತಿಟ್ಟರೆ ಎತ್ತಿದ ಹಾಗೇ ನಿಲ್ಲುತ್ತಿತ್ತು. ಮನೆಯವರು ಚೌಡಿಗೆ ಹರಕೆ ಹೇಳಿಕೊಂಡು, ನೋಟ ಕೇಳಿಸಿ, ತಾಯತ ಕಟ್ಟಿಸಿಯೇ ಬಂದಿದ್ದರು. ಅಲ್ಲಿ ಎಂಡಿ ಓದುತ್ತಿದ್ದ ಪಿಜಿ ಒಬ್ಬರು ಎರಡು ಮಿಲಿಗ್ರಾಂ ಲೋರಾಜೆಪಾಮ್ ಇಂಜೆಕ್ಷನ್ ನಿಧಾನಕ್ಕೆ ಕೊಟ್ಟು, ಇವಳಿಗೆ, "ಇಲ್ಲೇ ಕೂತು ನೋಡ್ತಾ ಇರು" ಎಂದರು. ಹತ್ತು ನಿಮಿಷ ಆಗಿರಬೇಕು. ಆ ಹೆಂಗಸಿನ ಕೈ ತಾನಾಗಿ ಹಾಸಿಗೆಗೆ ಇಳಿಯಿತು. ಕಣ್ಣು ತಿರುಗಿಸಿ ಇವಳನ್ನು ನೋಡಿದಳು. "ಗಂಜಿ ಇದ್ಯಾ?" ಎಂದು ಕೇಳಿದಳು.

"ಕ್ಯಾಟಟೋನಿಯಾ ಅಂತ ಪುಸ್ತಕದಲ್ಲಿ ಓದಿದ್ದೆ ಮೇಡಂ. ಆದ್ರೆ ಗಂಜಿ ಕೇಳ್ತಾರೆ ಅಂತ ಬರ್ದಿರ್ಲಿಲ್ಲ." ಗಂಜಿ ಹುಡುಕಿಕೊಂಡು ಕ್ಯಾಂಟೀನಿಗೆ ಓಡಿದವಳೂ ಇವಳೇ. ಅಲ್ಲಿ ಇಡ್ಲಿ ಮಾತ್ರ ಇತ್ತಂತೆ.

ಎರಡನೇ ಸಲ ಬಂದಾಗ ನಾನು ಜಾಸ್ತಿ ಮಾತಾಡಿಬಿಟ್ಟೆ. ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ, 2015-16ರಲ್ಲಿ ನಿಮ್ಹಾನ್ಸ್ ಮಾಡಿದ್ದು, 12 ರಾಜ್ಯ, ದೊಡ್ಡವರಲ್ಲಿ ನೂರಕ್ಕೆ ಹತ್ತರ ಮೇಲೆ ಜನರಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ. ಲಕ್ಷ ಜನಕ್ಕೆ ಕನಿಷ್ಠ ಮೂವರು ಮನೋವೈದ್ಯರಾದರೂ ಬೇಕು ಅನ್ನುತ್ತಾರೆ, ನಮ್ಮ ದೇಶದಲ್ಲಿ ಇರುವುದು 0.75ರ ಹತ್ತಿರ. ಎಲ್ಲ ಹೇಳಿದೆ. ಖಾಲಿ ಮಾತ್ರೆ ಪಟ್ಟಿಯ ಕತೆಯನ್ನೂ ಹೇಳಿದೆ. ಅವಳು ಹೂಂ, ಹೂಂ ಅಂದಳು. ಹೋಗುವಾಗ ಕೊಡೆ ಮರೆತು ಹೋದಳು. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

ನನಗಿಂತ ಹಿರಿಯರೊಬ್ಬರ ಹತ್ತಿರ ತಿಂಗಳಿಗೊಮ್ಮೆ ನನ್ನ ಪ್ರಕರಣಗಳನ್ನು ಚರ್ಚಿಸುವ ರೂಢಿ ಇದೆ. ಅವರಿಗೆ ಹೇಳಿದೆ. ಪೂರ್ತಿ ಕೇಳಿ, "ಮನೇಲಿ ಅಪ್ಪ ತಳ್ತಾನೆ, ನಿನ್ನ ಕೋಣೇಲಿ ನೀನು ಎಳೀತೀಯ. ಆ ಕೂಸು ಕೂರೋದೆಲ್ಲಿ?" ಎಂದರು. ಉತ್ತರ ಇರಲಿಲ್ಲ.

ಕೊಡೆ ಇಲ್ಲೇ ಇದೆ ಎಂದು ಮೆಸೇಜು ಹಾಕಿದೆ. ಬಂದಳು. ಹೋದ ಸಲ ನನ್ನ ಕಷ್ಟ ನಿನ್ನ ತಲೆ ಮೇಲೆ ಹಾಕಿದೆ, ತಪ್ಪಾಯ್ತು ಎಂದೆ. ಸಲಹೆ ಕೊಡುವವರು ತಪ್ಪಾಯ್ತು ಅನ್ನುವುದನ್ನು ಅವಳು ಕೇಳಿರಲಿಲ್ಲವೇನೋ, ಸ್ವಲ್ಪ ಹೊತ್ತು ಸುಮ್ನೆ ನನ್ನನ್ನೇ ನೋಡಿದಳು. ಆಮೇಲೆ ಬಾಯಿ ಬಿಟ್ಟಳು.

ಗಂಜಿ ಕೇಳಿದ ಹೆಂಗಸು ಮನೆಗೆ ಹೋದಳು, ಸರಿ. ಆದರೆ ಆ ಎರಡು ವಾರದಲ್ಲಿ ಉಳಿದ ಯಾರೂ ಗುಣವಾಗಿದ್ದನ್ನು ಅವಳು ನೋಡಲಿಲ್ಲ. ಕಿವಿಯಲ್ಲಿ ಯಾರೋ ಮಾತಾಡುತ್ತಾರೆ ಅಂದವನು ಕೊನೆಯ ದಿನವೂ ಹಾಗೇ ಅನ್ನುತ್ತಿದ್ದ. ಗೋಡೆ ಕಡೆ ತಿರುಗಿ ಮಲಗಿದ ಮುದುಕಿ ಈ ಕಡೆ ತಿರುಗಲಿಲ್ಲ. ಸರ್ಜರಿಯಲ್ಲಾದರೆ ಅಪೆಂಡಿಕ್ಸ್ ತೆಗೆದ ಹುಡುಗ ನಾಲ್ಕನೇ ದಿನ ನಡೆದುಕೊಂಡು ಹೋಗುತ್ತಾನೆ. "ನಿಜಕ್ಕೂ ಯಾರಾದ್ರೂ ಹುಷಾರಾಗ್ತಾರಾ ಮೇಡಂ, ಇಲ್ಲಾ ನಾವು ಹಾಗೆ ಅಂದ್ಕೊಳ್ಳೋದಾ?"

ನನ್ನ ಪ್ರಕಾರ ಇಡೀ ಪ್ರಕರಣದ ಗಂಟು ಇದೇ. ಮದುವೆ, ಸಂಬಳ, ಜನರ ಬಾಯಿ, ಇವೆಲ್ಲ ಆಮೇಲಿನವು. ನಾನು ಅವಳಿಗೇ ಒಂದು ಪ್ರಶ್ನೆ ಹಾಕಿದೆ. ಖಿನ್ನತೆಯ ಮಾತ್ರೆ ಕೆಲಸ ಮಾಡಲು ಎಷ್ಟು ದಿನ ಬೇಕು, ನೀನೇ ಓದಿದವಳಲ್ವಾ?

"ಎರಡರಿಂದ ನಾಲ್ಕು ವಾರ. ಪೂರ್ತಿ ಗುಣ ಕಾಣೋಕೆ ಆರು, ಎಂಟು."

"ನಿನ್ನ ಪೋಸ್ಟಿಂಗ್ ಎಷ್ಟು?"

ಅವಳು ತಡೆದು ನಿಂತಳು. ಎರಡು ವಾರದ ಪೋಸ್ಟಿಂಗಿನಲ್ಲಿ ಆರು ವಾರದ ಔಷಧದ ಫಲ ಕಾಣುವುದಾದರೂ ಹೇಗೆ? ಇನ್ನೊಂದು, ಹುಷಾರಾದವರು ವಾರ್ಡಿನಲ್ಲಿ ಇರುವುದೇ ಇಲ್ಲ. ಅವರು ಸಂತೆಯಲ್ಲಿ, ತೋಟದಲ್ಲಿ, ಬ್ಯಾಂಕಿನ ಕೌಂಟರಿನಲ್ಲಿ ಇರುತ್ತಾರೆ. ಬಾಯಿ ಬಿಟ್ಟು ಹೇಳಿಕೊಳ್ಳುವುದಿಲ್ಲ. ವಾರ್ಡಿನಲ್ಲಿ ಕಾಣುವುದು ತೀರಾ ಜೋರಾದವರು, ಮತ್ತೆ ಮತ್ತೆ ಮರುಕಳಿಸಿದವರು. ಅವರನ್ನಷ್ಟೇ ನೋಡಿದವರು ಇಲ್ಲಿ ಯಾರೂ ಗುಣವಾಗುವುದಿಲ್ಲ ಎಂದು ತೀರ್ಮಾನಿಸಿದರೆ ಆಶ್ಚರ್ಯವೇನು. ಆ ವಾರ್ಡಿನ ತಮಾಷೆ ಮಾಡಿದ ಹಿರಿಯರೂ ಅಷ್ಟೇ ನೋಡಿದ್ದು ಅನ್ನಿಸುತ್ತದೆ.

ಇದನ್ನೆಲ್ಲ ಹೇಳಿ ಮುಗಿಸುವ ಮೊದಲೇ ಅವಳು ಅಂದಳು: "ನಂಗೆ ಐದನೇ ವಾರಕ್ಕೆ ನಿದ್ದೆ ಬಂತು."

ಎರಡನೇ ವರ್ಷದ ಎಂಬಿಬಿಎಸ್‌ನಲ್ಲಿದ್ದಾಗ ಎದೆ ಡವಡವ ಎಂದು ಹೊಡೆದುಕೊಂಡು, ಕೈಕಾಲು ತಣ್ಣಗಾಗಿ, ಈಗಲೇ ಸತ್ತೆ ಅನ್ನಿಸುತ್ತಿತ್ತಂತೆ. ಇಸಿಜಿ ಸರಿ ಇತ್ತು. ರೂಮಿನವಳು ಒತ್ತಾಯ ಮಾಡಿ ಒಬ್ಬ ಮನೋವೈದ್ಯರ ಹತ್ತಿರ ಕರೆದುಕೊಂಡು ಹೋದಳು. ಒಂಬತ್ತು ತಿಂಗಳು ಮಾತ್ರೆ. ಮನೆಯಲ್ಲಿ ಇವತ್ತಿಗೂ ಗೊತ್ತಿಲ್ಲ. ಹುಷಾರಾದವರನ್ನು ನೋಡೇ ಇಲ್ಲ ಎಂದು ಹೇಳಿದವಳು ದಿನಾ ಬೆಳಿಗ್ಗೆ ಕನ್ನಡಿಯಲ್ಲಿ ಒಬ್ಬಳನ್ನು ನೋಡುತ್ತಿದ್ದಳು.

ಅವತ್ತು ಕೊಟ್ಟ ಸಲಹೆ ಎರಡು. ಮೊದಲನೆಯದು ಕೇಳಲು ಅವಳಿಗೆ ಅಷ್ಟು ಹಿತವಾಗಲಿಲ್ಲ. ನಿನ್ನ ಮನಸ್ಸು ಅರ್ಥವಾಗಲಿ ಎಂದು ಸೈಕಿಯಾಟ್ರಿಗೆ ಹೋಗಬೇಡ ಎಂದೆ. ಎಂಡಿ ಎನ್ನುವುದು ಮೂರು ವರ್ಷದ ಓದು, ಚಿಕಿತ್ಸೆ ಅಲ್ಲ. ಈಗ ನಿದ್ದೆ ಕೆಟ್ಟಿದೆ ಅಂದರೆ ಹಿಂದೆ ನೋಡಿದ ಡಾಕ್ಟರನ್ನು ಮೊದಲು ಕಂಡು ಬಾ, ಆಮೇಲೆ ಸೀಟಿನ ಮಾತು. ಹಾಗೆಯೇ ಮಾತ್ರೆ ತೆಗೆದುಕೊಂಡವಳು ಡಾಕ್ಟರಾಗಬಾರದು ಎಂದು ಎಲ್ಲೂ ಇಲ್ಲ. ಮನೆಯವರಿಗೆ ಹೇಳುವುದು ಬಿಡುವುದು ನಿನಗೆ ಸೇರಿದ್ದು. ಚಿಕಿತ್ಸೆಯ ವಿಷಯ ಗುಟ್ಟಾಗಿರಬೇಕು ಎಂಬುದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಕೊಟ್ಟ ಹಕ್ಕು, ನಾನಂತೂ ಬಾಯಿ ಬಿಡುವುದಿಲ್ಲ. (ಡಾಕ್ಟರನ್ನು ಕಂಡು ಬಂದಳು. ಈ ಸಲ ಮಾತ್ರೆ ಬೇಕಾಗಲಿಲ್ಲ. ಸಂಜೆ ಐದರ ಮೇಲೆ ಚಹಾ ಬಿಡು, ಹಾಸಿಗೆಯಲ್ಲಿ ಪುಸ್ತಕ ಹಿಡಿಯಬೇಡ ಎಂದರಂತೆ.)

ಎರಡನೆಯದು, ವಾರ್ಡು ಬಿಟ್ಟು, ಹಳೆಯ ರೋಗಿಗಳು ಮತ್ತೆ ತೋರಿಸಿಕೊಂಡು ಹೋಗುವ ಫಾಲೋಅಪ್ ಒಪಿಡಿಯಲ್ಲಿ ಕೂತು ಬಾ. ವಿಭಾಗದವರ ಅನುಮತಿ ಕೇಳು, ರೋಗಿಗಳಿಗೂ ಕೇಳು. ಪುಸ್ತಕ ತೆಗೆದುಕೊಂಡು ಹೋಗಬೇಡ. ಹಳಬರು ಯಾಕೆ ಬರ್ತಾರೆ, ಎಷ್ಟು ವರ್ಷದಿಂದ ಬರ್ತಾರೆ, ಡಾಕ್ಟರ ಹತ್ತಿರ ಏನು ಮಾತಾಡ್ತಾರೆ, ಅಷ್ಟು ನೋಡು.

ಡ್ಯೂಟಿ ಇಲ್ಲದ ಐದಾರು ಬೆಳಿಗ್ಗೆ ಹೋಗಿ ಕೂತಳು. ತಿರುಗಿ ಬಂದಾಗ ಅವಳ ಮಾತಿನಲ್ಲಿ ಲಿಥಿಯಂ ತೆಗೆದುಕೊಳ್ಳುವ ಒಬ್ಬರದೇ ಸುದ್ದಿ. ಹನ್ನೊಂದು ವರ್ಷದಿಂದ ಬರುತ್ತಿದ್ದಾರೆ. ಕಿರಾಣಿ ಅಂಗಡಿ ಇದೆ. ರಾತ್ರಿ ಮಾತ್ರೆ ತೆಗೆದುಕೊಂಡು ಹನ್ನೆರಡು ಗಂಟೆ ಬಿಟ್ಟು ಲಿಥಿಯಂ ಎಷ್ಟಿದೆ ಎಂದು ನೋಡಲು ರಕ್ತ ಕೊಡಬೇಕಲ್ಲ, ಅದಕ್ಕೆ ಮೊದಲ ಬಸ್ಸಿಗೇ ಬಂದು ಬೆಂಚಿನ ಮೇಲೆ ಕೂರುತ್ತಾರೆ. ಹಳೆಯ ರಿಪೋರ್ಟುಗಳನ್ನೆಲ್ಲ ಅಂಗಡಿಯ ಉದ್ರಿ ಪುಸ್ತಕದ ಹಾಗೆ ದಾರ ಹಾಕಿ ಹೊಲಿದಿದ್ದಾರೆ. ಲಿಥಿಯಂ ಒಂದು ಸಾಲು, ಕಿಡ್ನಿ ಒಂದು ಸಾಲು, ಥೈರಾಯ್ಡ್ ಒಂದು ಸಾಲು, ಅವರದೇ ಕೈಬರಹ. ಡಾಕ್ಟರ ಹತ್ತಿರ ಮಾತಾಡಿದ್ದು ನಾಲ್ಕು ನಿಮಿಷ. ಅದರಲ್ಲಿ ಮೂರು ನಿಮಿಷ ಮಗಳ ಪಿಯುಸಿ ಮಾರ್ಕು. "ಅವ್ರನ್ನ ನೋಡಿದ್ರೆ ಪೇಷಂಟ್ ಅಂತ ಯಾರೂ ಹೇಳಲ್ಲ ಮೇಡಂ. ನಾನೇ ಮೊದ್ಲು ಯಾರದ್ದೋ ಜೊತೆಗೆ ಬಂದೋರು ಅಂದ್ಕೊಂಡೆ."

ಲಿಥಿಯಂ ಎನ್ನುವುದು ಒಂದು ಉಪ್ಪು. 1949ರಲ್ಲಿ ಆಸ್ಟ್ರೇಲಿಯಾದ ಜಾನ್ ಕೇಡ್ ಎಂಬ ವೈದ್ಯ ಉನ್ಮಾದದ ರೋಗಿಗಳಿಗೆ ಕೊಟ್ಟು ನೋಡಿ ಬರೆದದ್ದು. ಇವತ್ತಿಗೂ ಅದೇ ನಡೆಯುತ್ತಿದೆ. ಇದನ್ನು ಹೇಳಿದ್ದು ಅವಳು. ಒಪಿಡಿಯಿಂದ ಬಂದು ತಾನೇ ಓದಿಕೊಂಡಿದ್ದಳು. ಪರೀಕ್ಷೆಗೆ ಬೇಕು ಎಂದು ಓದಿದ್ದಲ್ಲ. ನಾನು ಅದನ್ನು ಗಮನಿಸಿದೆ, ಈ ಸಲ ಬಾಯಿ ಬಿಡಲಿಲ್ಲ.

ಇದು ಸರಿಯಾದ ಡಾಕ್ಟರಿಕೆಯೇ, ಸ್ಟೆತಾಸ್ಕೋಪ್ ಮೂಲೆಗೆ ಬೀಳುತ್ತದಾ ಎಂದು ಕೇಳಿದ್ದಳು. ನಾನು ಹೇಳಿದರೆ ತೂಕ ಇರುವುದಿಲ್ಲ ಎಂದು ನನಗೆ ಪರಿಚಯದ ಮನೋವೈದ್ಯರೊಬ್ಬರಿಗೆ ಫೋನು ಹಚ್ಚಿಕೊಟ್ಟೆ. ಅರ್ಧ ಗಂಟೆ ಮಾತಾಡಿದರು. ಇದ್ದಕ್ಕಿದ್ದಂತೆ ಬಡಬಡಿಸುವ ಮುದುಕರಲ್ಲಿ ಮೂತ್ರದ ಸೋಂಕು ಹುಡುಕಬೇಕು, ಮಂಕಾಗಿ ಕೂತವರಿಗೆ ಥೈರಾಯ್ಡ್ ಮತ್ತು ಬಿ12 ನೋಡಬೇಕು, ಕುಡಿತ ಬಿಟ್ಟ ಮೂರನೇ ದಿನ ನಡುಗುವವನನ್ನು ತಪ್ಪಿಸಿಕೊಂಡರೆ ಜೀವಕ್ಕೇ ಬರುತ್ತದೆ. ಮುಂದೆ ಓದುವ ಮನಸ್ಸಿದ್ದರೆ ಮಕ್ಕಳ ಮನೋವೈದ್ಯಕೀಯ, ವ್ಯಸನ, ವೃದ್ಧರ ಮನೋವೈದ್ಯಕೀಯದಲ್ಲಿ ಎಂಡಿ ಆದಮೇಲಿನ ಡಿಎಂ ಇದೆ, ನಿಮ್ಹಾನ್ಸ್‌ನಲ್ಲೇ ಇದೆ. ಬೇಸರದ ಸಂಗತಿಯನ್ನೂ ಮುಚ್ಚಿಡಲಿಲ್ಲ ಅವರು. ಮಾತ್ರೆ ಬಿಟ್ಟು ವಾಪಸ್ ಬರುವವರು ಇರುತ್ತಾರೆ, ಕೆಲವು ಸಲ ರೋಗಿ ಆತ್ಮಹತ್ಯೆ ಮಾಡಿಕೊಳ್ಳುತ್ತಾರೆ, ಅವತ್ತು ಮನೆಗೆ ಹೋಗಿ ಊಟ ಸೇರುವುದಿಲ್ಲ. ಫೋನು ಇಟ್ಟ ಮೇಲೆ ಅವಳು ಹೆಚ್ಚು ಹೊತ್ತು ಯೋಚಿಸಿದ್ದು ಈ ಕೊನೆಯ ಮಾತನ್ನೇ. ಯೋಚಿಸಲಿ ಎಂದು ಬಿಟ್ಟೆ.

ಇನ್ನು ಅಪ್ಪಯ್ಯ. ಅವಳ ಒಪ್ಪಿಗೆ ಪಡೆದು ಒಂದು ದಿನ ಕರೆಸಿದೆ. ಕೈಯಲ್ಲಿ ಒಂದು ಚೀಲ ಕಳಲೆ ಹಿಡಿದುಕೊಂಡು ಬಂದರು. ಕಾಣಿಕೆ ತೆಗೆದುಕೊಳ್ಳಬಾರದು ಎಂಬ ನಿಯಮ ನನಗೂ ಗೊತ್ತು, ಆದರೆ ಮಳೆಗಾಲದ ಕಳಲೆಯನ್ನು ಬೇಡ ಅನ್ನುವ ಶಕ್ತಿ ಇಲ್ಲ. ಕೂತವರೇ, "ಮೇಡಂ, ಕೌನ್ಸೆಲಿಂಗ್ ನೀವೇ ಮಾಡ್ತೀರಂತೆ. ಹೇಗಾದ್ರೂ ಮಾಡಿ ಚರ್ಮದ ಡಾಕ್ಟರ್ ಸೀಟು ಕೊಡ್ಸಿ" ಎಂದರು. ಸೀಟು ಹಂಚುವ ಕೌನ್ಸೆಲಿಂಗೇ ಬೇರೆ, ಇದೇ ಬೇರೆ ಎಂದು ತಿಳಿಸಲು ಹತ್ತು ನಿಮಿಷ ಹಿಡಿಯಿತು. ಕಳಲೆ ವಾಪಸ್ ಕೇಳಲಿಲ್ಲ, ಪುಣ್ಯ.

"ಐದೂವರೆ ವರ್ಷ ಓದ್ಸಿದ್ದು ಹುಚ್ಚರ ಡಾಕ್ಟರ್ ಮಾಡ್ಲಿಕ್ಕಾ? ಒಂದು ಆಪರೇಶನ್ ಇಲ್ಲ, ಒಂದು ಮೆಶೀನಿಲ್ಲ. ಬರೀ ಮಾತಿಗೆ ಎಂತಕ್ಕೆ ದುಡ್ಡು ಕೊಡ್ತಾರೆ ಜನ?"

ಮೆಶೀನಿಲ್ಲ ಎನ್ನುವುದನ್ನೇ ಹಿಡಿದೆ. ಮೆಶೀನಿಲ್ಲದಿದ್ದರೆ ಸಾಲವೂ ಇಲ್ಲ ಅಲ್ವಾ ಎಂದೆ. ಒಂದು ಮೇಜು, ನಾಲ್ಕು ಕುರ್ಚಿ, ಮಾತು ಹೊರಗೆ ಕೇಳದಂಥ ಬಾಗಿಲು. ಅವರು ಕಣ್ಣು ಕಿರಿದು ಮಾಡಿ ಲೆಕ್ಕ ಹಾಕಿದರು. ಸಂಬಂಧಿಕರೊಬ್ಬರ ಮಗ ಆಸ್ಪತ್ರೆ ಕಟ್ಟಿ ಕಂತು ಕಟ್ಟುತ್ತಾ ಕೂದಲು ಉದುರಿಸಿಕೊಂಡದ್ದು ಅವರಿಗೆ ನೆನಪಿತ್ತು. ಮನಸ್ಸಿನ ಡಾಕ್ಟರು ಇಲ್ಲೇ ಕೂತು ದೂರದ ಜೋಯಿಡಾದವರನ್ನು ಫೋನಿನಲ್ಲೇ ವಿಚಾರಿಸಬಹುದು, 2022ರ ಅಕ್ಟೋಬರಿನಿಂದ 14416 ಎಂಬ ಟೆಲಿ ಮಾನಸ್ ಸಹಾಯವಾಣಿಯೂ ಇದೆ, ಅಲ್ಲೂ ಮನೋವೈದ್ಯರು ಬೇಕು ಎಂದೆ. ನಂಬರನ್ನು ಅಂಗೈಯಲ್ಲಿ ಬರೆದುಕೊಂಡರು.

"ಆದ್ರೂ ಮೇಡಂ, ನಾಳೆ ಸಂಬಂಧ ನೋಡೋವಾಗ?"

ಇದಕ್ಕೆ ನಗು ತಡೆಯಲಾಗಲಿಲ್ಲ. ನಮ್ಮ ಕಡೆ ತೋಟ ಇಟ್ಟುಕೊಂಡ ಮಾಣಿಗಳು ಹುಡುಗಿ ಸಿಗದೆ ನಲವತ್ತು ದಾಟುತ್ತಿದ್ದಾರೆ. ಹೆಣ್ಣಿನ ಮನೆಯವರು ಹೆದರುವ ಕಾಲ ಹೋಯ್ತಲ್ಲ ಎಂದೆ. ಅವರೂ ನಕ್ಕರು. ಯಾರೂ ಬೇಡ ಅನ್ನುವುದಿಲ್ಲ ಎಂದು ಸುಳ್ಳು ಭರವಸೆ ಕೊಡಲಿಲ್ಲ. ಬೇಡ ಅನ್ನುವವರು ಒಂದಿಬ್ಬರು ಇದ್ದೇ ಇರುತ್ತಾರೆ.

ಒಪ್ಪಿದರು ಎಂದು ಹೇಳಲಾರೆ. "ಅಡ್ಡಿಲ್ಲ, ನೋಡುವಾ" ಎಂದು ಎದ್ದರು. ನಮ್ಮ ಜಿಲ್ಲೆಯಲ್ಲಿ ಅಡ್ಡಿಲ್ಲ ಎಂಬುದಕ್ಕೆ ನೂರು ಅರ್ಥ. ಮೆಟ್ಟಿಲು ಇಳಿದವರು ಮತ್ತೆ ಹತ್ತಿ ಬಂದು ಬಾಗಿಲಲ್ಲೇ ನಿಂತು ದನಿ ತಗ್ಗಿಸಿದರು. "ನಮ್ಮ ಕೆಳಗಿನ ಮನೆ ಮಾಣಿ ಮೂರು ತಿಂಗಳಾಯ್ತು, ಕೋಣೆ ಬಿಟ್ಟು ಹೊರಗೆ ಬರ್ತಾ ಇಲ್ಲ. ಎಲ್ಲಿಗೆ ಕರ್ಕೊಂಡು ಹೋಗ್ಬೇಕು ಹೇಳಿ. ಧಾರವಾಡಕ್ಕೇ ಆಗ್ಬೇಕಾ?" ಬೇಡ, ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಬನ್ನಿ ಎಂದು ಚೀಟಿ ಬರೆದುಕೊಟ್ಟೆ. ಬಂದರಾ ಇಲ್ಲವಾ ಗೊತ್ತಾಗಲಿಲ್ಲ.

ಪರೀಕ್ಷೆಯ ಫಲಿತಾಂಶ ಬಂದಮೇಲೆ ತಂಗಿ ಕೊನೆಯ ಸಲ ಬಂದಳು. ರ‍್ಯಾಂಕು ತೀರಾ ಮೇಲೂ ಅಲ್ಲ, ಕೆಳಗೂ ಅಲ್ಲ. ಸೀಟಿಗೆ ಆಯ್ಕೆಯ ಪಟ್ಟಿ ಹಾಕಬೇಕಿತ್ತು. ಫೋನಿನಲ್ಲಿ ಬರೆದಿಟ್ಟುಕೊಂಡಿದ್ದನ್ನು ತೋರಿಸಿದಳು. ಎರಡನೆಯದರಿಂದ ಎಂಟನೆಯವರೆಗೆ ಸೈಕಿಯಾಟ್ರಿ, ಬೇರೆ ಬೇರೆ ಕಾಲೇಜು. ಮೊದಲನೆಯದು ಮಾತ್ರ ಚರ್ಮ.

"ಇದೆಂತದು?"

"ಅದು ನನ್ನ ರ‍್ಯಾಂಕಿಗೆ ಹೇಗೂ ಬರಲ್ಲ ಮೇಡಂ. ಅಪ್ಪಯ್ಯ ಪಟ್ಟಿ ನೋಡ್ತಾರಲ್ಲ, ಅದಕ್ಕೆ" ಎಂದು ನಕ್ಕಳು.

"ಅಕಸ್ಮಾತ್ ಬಂದ್ರೆ?"

ನಗು ನಿಂತಿತು. ಫೋನನ್ನು ತನ್ನ ಕಡೆ ತಿರುಗಿಸಿಕೊಂಡು ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಮೊದಲ ಸಾಲಿನ ಮೇಲೆ ಬೆರಳಿಟ್ಟು ಅದನ್ನು ಎಂಟರ ಕೆಳಕ್ಕೆ ಎಳೆದಳು.